ಬಾವಿಯೆಂಬ ಅಳತೆಗೋಲು



ಬೆಂಗಳೂರಿನ ದಕ್ಷಿಣಕ್ಕೆ, ಬನ್ನೇರುಘಟ್ಟದ ದಾರಿಯಲ್ಲಿ, ಬಿಳೇಕಹಳ್ಳಿಯೆಂಬ ಊರುಂಟು. ಅದನ್ನು ಈಗ ಹಳ್ಳಿಯೆಂದು ಕರೆಯುವುದು ರೂಢಿಯ ಮಾತು ಮಾತ್ರ. ಹಿಂದೆ ಬೇಗೂರು ಹೋಬಳಿಯ ಹೊಲಗಳ ನಡುವೆ ಇದ್ದ ಊರು 2007ರಲ್ಲಿ ಮಹಾನಗರ ಪಾಲಿಕೆಯ ಎಲ್ಲೆಯೊಳಕ್ಕೆ ಸೇರಿಹೋಯಿತು. ಬೇಗೂರಾದರೋ, ಸುಮಾರು ಸಾವಿರದ ನೂರು ವರ್ಷಗಳ ಹಿಂದೆಯೇ ಬೆಂಗಳೂರಿನ ಹೆಸರನ್ನು ವೀರಗಲ್ಲಿನಲ್ಲಿ ಬರೆದಿಟ್ಟುಕೊಂಡ ಸ್ಥಳ. ಇಷ್ಟು ಹಳೆಯ ಸೀಮೆಯಲ್ಲಿ ಜನರು ಯಾವ ನೀರನ್ನು ಕುಡಿದು ಬಾಳಿದರೆಂದು ಕೇಳಿದರೆ, ಕೆರೆಯ ನೀರು ಮತ್ತು ಬಾವಿಯ ನೀರು ಎಂಬುದೇ ಉತ್ತರ.

ಕೆಲವು ದಿನಗಳ ಕೆಳಗೆ ನಾವು ಅಲ್ಲಿಯ ಮಿತ್ರರೊಬ್ಬರ ಮನೆಗೆ ಹೋಗಿದ್ದೆವು. ಹಿತ್ತಿಲಿನಲ್ಲಿ ಕಲ್ಲುಕಟ್ಟಡದ ಹಳೆಯ ಬಾವಿಯೊಂದು, ಬಾಯಿಗೆ ಕಬ್ಬಿಣದ ಜಾಲರಿ ಹೊದ್ದುಕೊಂಡು ಕುಳಿತಿತ್ತು. ಮಿತ್ರರು ಅದನ್ನು ತೋರಿಸಿ, “ಇದರಿಂದ ಇನ್ನೇನು ಪ್ರಯೋಜನ, ಮೇಷ್ಟರೆ? ಮುಚ್ಚಿಸಿಬಿಡೋಣ ಅಂತಿದ್ದೇನೆ. ಎರಡು ಲೋಡು ಮಣ್ಣು ಹಾಕಿದರೆ ಗಾಡಿ ನಿಲ್ಲಿಸುವುದಕ್ಕಾದರೂ ಜಾಗವಾಗುತ್ತೆ,” ಎಂದರು. ಆ ಹೊತ್ತಿಗೆ ನಮಗೆ ಸರಿಯಾದ ಉತ್ತರ ತೋಚಲಿಲ್ಲ. ಈ ಹೊತ್ತಿನ ಭಾಷಣವನ್ನು ಅವರಿಗೆ ಸಲ್ಲಬೇಕಾಗಿದ್ದ ಉತ್ತರವೆಂದೇ ತಾವು ಭಾವಿಸಬಹುದು.

ಬಾವಿಯೆಂದರೆ ನೀರನ್ನು ತುಂಬಿಟ್ಟುಕೊಂಡ ಒಂದು ದೊಡ್ಡ ಪಾತ್ರೆಯೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಪಾತ್ರೆ ಬರಿದಾದರೆ ಅದನ್ನು ಎಸೆಯುವುದು ಲೋಕರೂಢಿ. ಆದರೆ ಬಾವಿಯು ಪಾತ್ರೆಗಿಂತ ಮಿಗಿಲಾದದ್ದು. ಕಣ್ಣಿಗೆ ಕಾಣದ ನೆಲದೊಡಲಿನಲ್ಲಿ ನೀರು ಎಷ್ಟಿದೆ, ಅದು ಎಷ್ಟು ವೇಗವಾಗಿ ಹರಿದುಬರಬಲ್ಲುದು ಎಂಬುದನ್ನು ತಿಳಿಸುವ ಅಳತೆಗೋಲು ಅದು. ಮನುಷ್ಯನು ಈ ಅಳತೆಗೋಲನ್ನು ಓದಲು ಕಲಿತ ಬಗೆಯನ್ನೂ, ಓದುವುದನ್ನು ಮರೆತರೆ ಆಗುವ ನಷ್ಟವನ್ನೂ ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇವೆ.

ಮೊದಲು ನಮ್ಮ ಕಾಲಡಿಯ ನೆಲ ಎಂಥದೆಂಬುದನ್ನು ನೋಡೋಣ. ಲಾಲ್‌ಬಾಗಿನ ಬಂಡೆಯನ್ನು ಹತ್ತದ ಬೆಂಗಳೂರಿಗರು ವಿರಳ. ಆ ಜಾತಿಯ ಶಿಲೆಗೆ 1916ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಅವರು ಪೆನಿನ್ಸುಲರ್ ನೈಸ್ ಎಂಬ ಹೆಸರನ್ನಿಟ್ಟರು. ಅದರ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷಗಳೆನ್ನುತ್ತಾರೆ. ಬೆಂಗಳೂರಿನ ಬಹುಭಾಗದಂತೆ ಬಿಳೇಕಹಳ್ಳಿಯೂ ಇದೇ ಶಿಲಾಪೀಠದ ಮೇಲೆ ನಿಂತಿದೆ. ಆ ಊರಿನಲ್ಲಿರುವ ಭಾರತೀಯ ವ್ಯವಸ್ಥಾಪನ ಸಂಸ್ಥೆ 1973ರಲ್ಲಿ ಹುಟ್ಟಿದ್ದು; ವಾಸ್ತುಶಿಲ್ಪಿ ಬಿ. ವಿ. ದೋಶಿಯವರು ಅದರ ಕಟ್ಟಡಗಳನ್ನು ಒರಟು ಗ್ರಾನೈಟು ಕಲ್ಲಿನಲ್ಲಿ ಕಟ್ಟಿಸಿದರು. ಆ ಗೋಡೆಗಳನ್ನು ಮುಟ್ಟಿ ನೋಡಿದವರಿಗೆ ಇಂಥ ಕಲ್ಲಿನೊಳಗೆ ನೀರು ಎಲ್ಲಿ ಅಡಗೀತೆಂಬ ಸಂದೇಹ ಬಾರದೆ ಇರದು.

ನೀರು ಅಡಗುವುದು ಎರಡು ಕಡೆಗಳಲ್ಲಿ. ಶಿಲೆಯ ಮೇಲ್ಭಾಗವು ಯುಗಯುಗಗಳ ಬಿಸಿಲುಮಳೆಗಳಿಗೆ ಸಿಕ್ಕಿ ಶಿಥಿಲವಾಗಿ, ಪುಡಿಪುಡಿಯಾದ ಕಲ್ಲಿನ ಪದರವಾಗಿರುತ್ತದೆ. ಇದು ಹತ್ತಾರು ಅಡಿಗಳ ಆಳಕ್ಕೆ ಹಬ್ಬಿ, ಮಳೆಯ ನೀರನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿಯಾದರೋ ನೀರಿರುವುದು ಬಿರುಕುಗಳಲ್ಲಿ ಮಾತ್ರ. ನಮ್ಮ ಹಿರಿಯರ ತೆರೆದ ಬಾವಿಗಳು ಮೇಲಿನ ಸ್ಪಂಜಿಗೆ ಇಳಿದವು. ಇಂದಿನ ಕೊಳವೆಬಾವಿಗಳು ಕೆಳಗಿನ ಬಿರುಕುಗಳನ್ನು ಹುಡುಕಿಕೊಂಡು ಹೋಗುತ್ತವೆ. ಈ ಭೇದವನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದಿನ ವಿಷಯವೆಲ್ಲ ಅದರ ಮೇಲೆಯೇ ನಿಂತಿದೆ.

ನೆಲದೊಳಗಿನ ನೀರನ್ನು ಕುರಿತ ಜಿಜ್ಞಾಸೆ ನಮ್ಮ ದೇಶಕ್ಕೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಮನುಷ್ಯನ ಮೈಯಲ್ಲಿ ರಕ್ತನಾಳಗಳಿರುವಂತೆ ನೆಲದೊಳಗೆ ಜಲದ ನಾಳಗಳಿವೆಯೆಂಬುದು ಅವನ ಮತ. ಮರ, ಹುತ್ತ, ಮಣ್ಣಿನ ಬಣ್ಣ ಮೊದಲಾದ ಗುರುತುಗಳಿಂದ ನೀರಿರುವ ತಾವನ್ನು ಊಹಿಸಿ, ಅದರ ಆಳವನ್ನು ‘ಪುರುಷ’ ಪ್ರಮಾಣದಲ್ಲಿ, ಎಂದರೆ ಕೈಯೆತ್ತಿ ನಿಂತ ಮನುಷ್ಯನ ಎತ್ತರದ ಲೆಕ್ಕದಲ್ಲಿ ಹೇಳುತ್ತಾನೆ. ಕನ್ನಡದಲ್ಲಿಯೂ ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವು ಈ ಜಲಶೋಧನೆಯ ವಿಷಯಕ್ಕೆ ಎಡೆಗೊಟ್ಟಿದೆ. ಅದರ ಕರ್ತೃ ಶ್ರವಣಬೆಳಗೊಳದ ಚಾವುಂಡರಾಯನಲ್ಲ, ಅವನಿಂದ ಈಚಿನವನು. ಈ ಗ್ರಂಥಗಳು ಉತ್ತರಿಸಹೊರಟ ಪ್ರಶ್ನೆ ಮುಖ್ಯವಾಗಿ ಒಂದೇ: ನೀರು ಎಲ್ಲಿದೆ? ‘ಎಷ್ಟಿದೆ, ಎಷ್ಟು ದಿನ ಬಂದೀತು?’ ಎಂಬುದು ಬೇರೆಯ ಪ್ರಶ್ನೆ.

ಈ ಎರಡನೆಯ ಪ್ರಶ್ನೆಯನ್ನು ಕೇಳಿದವರು ಪಂಡಿತರಿಗಿಂತ ಮೊದಲು ಒಕ್ಕಲಿಗರೂ ಬಾವಿ ತೋಡುವ ಮಣ್ಣು ಒಡ್ಡರೂ ಎಂದು ನಮ್ಮ ನಂಬಿಕೆ. ಕಪಿಲೆ ಹೊಡೆಯುವ ರೈತನನ್ನು ನೆನೆಯಿರಿ. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದಂತೆ ತೊಗಲಿನ ಚೀಲ ಮೇಲಕ್ಕೆ ಬರುತ್ತದೆ. ಬೆಳಗಿನಿಂದ ಎಷ್ಟು ಹೊತ್ತು ಎತ್ತಿದರೆ ತಳ ಕಾಣುತ್ತದೆ, ಎತ್ತುಗಳನ್ನು ಬಿಟ್ಟ ಮೇಲೆ ಸೆಲೆಯೊಡೆದು ನೀರು ಮತ್ತೆ ಯಾವ ಮೆಟ್ಟಿಲಿಗೆ ಯಾವ ಹೊತ್ತಿಗೆ ಏರುತ್ತದೆ, ಇದು ಅವನಿಗೆ ಬಾಯಿಪಾಠ. ಅವನು ಬಿತ್ತನೆಯ ವಿಸ್ತಾರವನ್ನು ಗೊತ್ತುಮಾಡುತ್ತಿದ್ದುದು ಈ ಜ್ಞಾನದಿಂದ. ಅಂಕಿಗಳಿಲ್ಲದಿದ್ದರೂ ಇದು ಅಳತೆಯೇ ಸರಿ. ಇದಕ್ಕೆ ಗಣಿತದ ಭಾಷೆ ದೊರೆತದ್ದು ಬಹುಕಾಲದ ಮೇಲೆ, ಬಹುದೂರದ ದೇಶಗಳಲ್ಲಿ.

ಫ್ರಾನ್ಸಿನ ಡಿಜಾನ್ ಪಟ್ಟಣದ ಇಂಜಿನಿಯರು ಹೆನ್ರಿ ಡಾರ್ಸಿ. ಆ ಊರಿನ ನೀರಿನ ಸರಬರಾಜನ್ನು ಕುರಿತು 1856ರಲ್ಲಿ ಆತ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸರಳ ಪ್ರಯೋಗವಿದೆ. ಮರಳು ತುಂಬಿದ ಕೊಳವೆಯ ಮೂಲಕ ನೀರನ್ನು ಹರಿಸಿ, ಹೊರಬಿದ್ದ ನೀರನ್ನು ಆತ ಅಳೆದನು. ನೀರಿನ ಮಟ್ಟದ ವ್ಯತ್ಯಾಸ ಹೆಚ್ಚಿದಷ್ಟೂ ಹರಿವು ಹೆಚ್ಚುತ್ತದೆ. ಮರಳಿನ ಉದ್ದ ಹೆಚ್ಚಿದಷ್ಟೂ ಕಡಮೆಯಾಗುತ್ತದೆ. ಉಳಿದುದನ್ನು ಮರಳಿನ ಗುಣವೇ ನಿರ್ಧರಿಸುತ್ತದೆ. ನೀರನ್ನು ಹರಿಯಗೊಡುವ ಈ ಗುಣವನ್ನು ನಾವು ‘ವಾಹಕತೆ’ಯೆಂದು ಕರೆಯೋಣ.

ಆದರೆ ನೆಲವನ್ನು ಕೊಳವೆಯಲ್ಲಿ ತುಂಬಿ ಅಳೆಯಲಾಗದು. ಜರ್ಮನಿಯ ಅಡಾಲ್ಫ್ ತೀಮ್ 1870ರಲ್ಲಿಯೂ, ಆತನ ಮಗ ಗುಂಥರ್ ತೀಮ್ 1906ರಲ್ಲಿಯೂ ಬಾವಿಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡರು. ಒಂದು ಬಾವಿಯಿಂದ ಎಡೆಬಿಡದೆ ನೀರೆತ್ತಿದರೆ ಸುತ್ತಲಿನ ನೆಲದಲ್ಲಿ ನೀರಿನ ಮಟ್ಟವು ಆಲಿಕೆಯ ಆಕಾರದಲ್ಲಿ ತಗ್ಗುತ್ತದೆ. ಹತ್ತಿರದಲ್ಲೊಂದು, ತುಸು ದೂರದಲ್ಲೊಂದು ವೀಕ್ಷಣೆಯ ಬಾವಿಯನ್ನಿಟ್ಟು, ಎರಡರಲ್ಲಿಯೂ ಮಟ್ಟ ಎಷ್ಟು ಇಳಿಯಿತೆಂದು ಅಳೆದರೆ, ನಡುವಣ ನೆಲದ ವಾಹಕತೆಯನ್ನು ಲೆಕ್ಕದಿಂದ ತೆಗೆಯಬಹುದು. ಇಲ್ಲಿ ಒಂದು ಕೊರತೆಯುಂಟು. ಮಟ್ಟವು ಇಳಿದು ಒಂದೆಡೆ ನಿಂತ ಮೇಲೆ ಮಾಡುವ ಲೆಕ್ಕ ಇದು. ನೆಲವು ನೀರನ್ನು ಹೇಗೆ ಸಾಗಿಸುತ್ತದೆಂಬುದನ್ನು ಹೇಳುತ್ತದೆಯೇ ಹೊರತು, ತನ್ನಲ್ಲಿ ಎಷ್ಟನ್ನು ಕೂಡಿಟ್ಟುಕೊಂಡಿದೆಯೆಂಬುದನ್ನು ಹೇಳದು. ರಸ್ತೆಯ ಅಗಲ ತಿಳಿಯಿತು, ಕಣಜದ ಗಾತ್ರ ತಿಳಿಯಲಿಲ್ಲ.

ಕಣಜದ ಗಾತ್ರವನ್ನು ತಿಳಿಯುವ ಉಪಾಯ ದೊರೆತದ್ದು 1935ರಲ್ಲಿ. ಅಮೆರಿಕದ ಭೂವಿಜ್ಞಾನ ಇಲಾಖೆಯಲ್ಲಿದ್ದ ಚಾರ್ಲ್ಸ್ ಥೈಸ್ ಎಂಬಾತನಿಗೆ ಒಂದು ಸಾದೃಶ್ಯ ಹೊಳೆಯಿತು. ಕಾದ ಲೋಹದ ಹಾಳೆಯ ಒಂದು ಬಿಂದುವಿನಿಂದ ಶಾಖವನ್ನು ಸೆಳೆದರೆ ತಂಪು ಸುತ್ತಲೂ ಹೇಗೆ ಹರಡುವುದೋ, ಬಾವಿಯಿಂದ ನೀರೆತ್ತಿದರೆ ಇಳಿತವೂ ಹಾಗೆಯೇ ಹರಡಬೇಕಲ್ಲವೆ? ಶಾಖದ ಗಣಿತ ಆಗಲೇ ಸಿದ್ಧವಾಗಿತ್ತು. ಕ್ಲಾರೆನ್ಸ್ ಲುಬಿನ್ ಎಂಬ ಗಣಿತಜ್ಞನ ಸಹಾಯದಿಂದ ಥೈಸ್ ಅದನ್ನು ನೀರಿಗೆ ಹೊಂದಿಸಿದನು. ಇದರಿಂದ ಬಾವಿಯ ಲೆಕ್ಕದೊಳಕ್ಕೆ ಕಾಲವು ಪ್ರವೇಶಿಸಿತು. ಮಟ್ಟ ಎಷ್ಟು ಇಳಿಯಿತೆಂಬುದರ ಜೊತೆಗೆ ಎಷ್ಟು ಹೊತ್ತಿನಲ್ಲಿ ಇಳಿಯಿತೆಂಬುದನ್ನೂ ಗುರುತುಹಾಕಿಕೊಂಡರೆ, ನೆಲದ ವಾಹಕತೆ ಮಾತ್ರವಲ್ಲದೆ ‘ಧಾರಕತೆ’ಯೂ, ಎಂದರೆ ನೀರನ್ನು ಹಿಡಿದಿಟ್ಟು ಬಿಟ್ಟುಕೊಡುವ ಶಕ್ತಿಯೂ, ತಿಳಿಯುತ್ತದೆ. 1946ರಲ್ಲಿ ಕೂಪರ್ ಮತ್ತು ಜೇಕಬ್ ಎಂಬವರು ಈ ಕಠಿಣ ಲೆಕ್ಕವನ್ನು ಒಂದು ಸರಳರೇಖೆಗೆ ಇಳಿಸಿ, ಸಾಮಾನ್ಯ ಇಂಜಿನಿಯರಿಗೂ ಎಟುಕುವಂತೆ ಮಾಡಿದರು.

ಈ ಸೂತ್ರಗಳು ಹುಟ್ಟಿದ್ದು ಕಿರಿದಾದ ಬಾವಿಗಳಿಗಾಗಿ. ನಮ್ಮ ತೆರೆದ ಬಾವಿಗೆ ಅವನ್ನು ಹಾಗೆಯೇ ಹಚ್ಚುವಂತಿಲ್ಲ. ಪಂಪು ಶುರುವಾದೊಡನೆ ಬರುವುದು ನೆಲದ ನೀರಲ್ಲ, ಬಾವಿಯಲ್ಲಿ ಮೊದಲೇ ನಿಂತಿದ್ದ ನೀರು. ಈ ತೊಡಕನ್ನು ಪಾಪಡೋಪುಲಸ್ ಮತ್ತು ಕೂಪರ್ ಎಂಬವರು 1967ರಲ್ಲಿ ಗಣಿತದೊಳಗೆ ತಂದರು. ಅದಕ್ಕೂ ಎಷ್ಟೋ ಹಿಂದೆ, ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ, ಅಮೆರಿಕದ ಗಣಿತಜ್ಞ ಚಾರ್ಲ್ಸ್ ಸ್ಲಿಕ್ಟರ್ ಒಂದು ಸುಲಭವಾದ ದಾರಿಯನ್ನು ತೋರಿಸಿದ್ದನು. ನೀರೆತ್ತುವುದನ್ನು ನಿಲ್ಲಿಸಿ, ಮಟ್ಟವು ತಾನಾಗಿ ಏರುವುದನ್ನು ಗಮನಿಸಬೇಕೆಂಬುದೇ ಆ ದಾರಿ. ನಮ್ಮ ದೇಶದ ತೆರೆದ ಬಾವಿಗಳ ಪರೀಕ್ಷೆಯಲ್ಲಿ ಈ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಕಪಿಲೆಯ ರೈತನು ಕಣ್ಣಂದಾಜಿನಿಂದ ಮಾಡುತ್ತಿದ್ದುದೂ ಇದನ್ನೇ ಅಲ್ಲವೆ?

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 4 ಮೀಟರು ಅಡ್ಡಳತೆಯ ದುಂಡು ಬಾವಿಯಿದೆ. ಅದರ ಬಾಯಿಯ ವಿಸ್ತೀರ್ಣ ಸುಮಾರು 12.6 ಚದರ ಮೀಟರು. ಗಂಟೆಗೆ 10,000 ಲೀಟರು ಎತ್ತುವ ಪಂಪನ್ನು ಒಂದು ಗಂಟೆ ನಡೆಸಿದರೆ, ಸೆಲೆಯೇ ಇಲ್ಲದ ಬಾವಿಯಲ್ಲಿ ಮಟ್ಟವು ಸುಮಾರು 80 ಸೆಂಟಿಮೀಟರು ಇಳಿಯಬೇಕು. 60 ಸೆಂಟಿಮೀಟರು ಮಾತ್ರ ಇಳಿಯಿತೆಂದರೆ, ಉಳಿದ 20 ಸೆಂಟಿಮೀಟರಿನ ನೀರನ್ನು, ಸುಮಾರು 2,500 ಲೀಟರನ್ನು, ಸುತ್ತಲಿನ ನೆಲ ಆ ಗಂಟೆಯಲ್ಲಿ ಕೊಟ್ಟಿತೆಂದರ್ಥ. ಇನ್ನು ಪಂಪು ನಿಂತಾಗ ಮಟ್ಟವು ಮೊದಲಿಗಿಂತ 2 ಮೀಟರು ಕೆಳಗಿದ್ದು, 3 ಗಂಟೆಗಳಲ್ಲಿ ಆ ಕೊರತೆ 1 ಮೀಟರಿಗೆ ಇಳಿಯಿತೆನ್ನಿ. ಸ್ಲಿಕ್ಟರನ ಸೂತ್ರದಂತೆ, ಪ್ರತಿಯೊಂದು ಮೀಟರು ಇಳಿತಕ್ಕೂ ಈ ನೆಲವು ಗಂಟೆಗೆ ಸುಮಾರು 2,900 ಲೀಟರನ್ನು ಕೊಡಬಲ್ಲುದು. ಇದಕ್ಕೆ ಬೇಕಾದ ಸಾಮಗ್ರಿಯೆಂದರೆ ಒಂದು ಹಗ್ಗ, ಒಂದು ಅಳತೆಯ ಪಟ್ಟಿ, ಒಂದು ಗಡಿಯಾರ. ತಾಳ್ಮೆಯನ್ನು ಬೇರೆ ಹೇಳಬೇಕಾಗಿಲ್ಲ.

ಧಾರಕತೆಯ ಸಂಗತಿ ಇನ್ನೂ ಮುಖ್ಯವಾದದ್ದು. 1970ರಲ್ಲಿ ಕೇಂದ್ರ ಅಂತರ್ಜಲ ಮಂಡಳಿ ಸ್ಥಾಪಿತವಾದ ಮೇಲೆ ದೇಶದ ಉದ್ದಗಲಕ್ಕೂ ವೀಕ್ಷಣೆಯ ಬಾವಿಗಳ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ಅಳೆದಿಡುವ ಪದ್ಧತಿ ಬೆಳೆಯಿತು. 1997ರ ಅಂತರ್ಜಲ ಅಂದಾಜು ಸಮಿತಿಯು ಬೇರೆಬೇರೆ ಶಿಲೆಗಳಿಗೆ ಬಳಸಬೇಕಾದ ಪ್ರಮಾಣಗಳನ್ನು ಗೊತ್ತುಮಾಡಿತು. ಜೇಡಿ ಕಡಮೆಯಿರುವ ಶಿಥಿಲ ನೈಸ್ ಪದರಕ್ಕೆ ನೂರಕ್ಕೆ 3. ಬಿರುಕುಗಳು ವಿರಳವಾದ ಗಟ್ಟಿ ಬಂಡೆಗೆ ನೂರಕ್ಕೆ 0.3. ಇದರ ಅರ್ಥವನ್ನು ಬಿಡಿಸಿ ನೋಡಬೇಕು. ಒಂದು ಹೆಕ್ಟೇರು ನೆಲದ ಕೆಳಗೆ, ಮೇಲಿನ ಪದರದಲ್ಲಿ, ನೀರಿನ ಮಟ್ಟ 1 ಮೀಟರು ಇಳಿದರೆ ಅಲ್ಲಿಂದ 3 ಲಕ್ಷ ಲೀಟರು ನೀರು ಹೊರಟಿದೆಯೆಂದಾಯಿತು. ಕೆಳಗಿನ ಬಂಡೆಯಲ್ಲಿ ಅದೇ 1 ಮೀಟರು ಇಳಿತದಿಂದ ದೊರೆಯುವುದು 30,000 ಲೀಟರು. ಆಳಕ್ಕೆ ಹೋದಂತೆ ನೀರು ಹೆಚ್ಚೆಂಬ ಜನರ ನಂಬಿಕೆ ಎಷ್ಟು ಪೊಳ್ಳೆಂಬುದು ಇದರಿಂದಲೇ ತಿಳಿಯುತ್ತದೆ. ಕೆಳಗಿರುವುದು ಮೇಲಿನದಕ್ಕಿಂತ ಹತ್ತು ಪಾಲು ಚಿಕ್ಕದಾದ ಕಣಜ.

ಆ ಮೇಲಿನ ಕಣಜವನ್ನು ತುಂಬುವುದು ಮಳೆ. ಇಂಥ ನೆಲದಲ್ಲಿ ಮಳೆಯ ಸುಮಾರು ನೂರಕ್ಕೆ 11 ಪಾಲು ಒಳಕ್ಕಿಳಿಯುತ್ತದೆಂದು ಅದೇ ಸಮಿತಿಯ ಅಂದಾಜು. ವರ್ಷಕ್ಕೆ 900 ಮಿಲಿಮೀಟರು ಮಳೆಯೆಂದು ಹಿಡಿದರೆ, ಒಳಗಿಳಿದದ್ದು ಸುಮಾರು 100 ಮಿಲಿಮೀಟರು. ನೂರಕ್ಕೆ 3ರ ಧಾರಕತೆಯಲ್ಲಿ ಇಷ್ಟೇ ನೀರು, ನಡುವೆ ಯಾರೂ ಎತ್ತದೆ, ಹಳ್ಳಕ್ಕೂ ಬಸಿಯದೆ ಉಳಿದರೆ, ಬಾವಿಯ ಮಟ್ಟವನ್ನು ಮೂರು ಮೀಟರಿಗೂ ಮಿಗಿಲಾಗಿ ಏರಿಸಬಲ್ಲುದು. ಬೇಸಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕಾರ್ತಿಕದ ಹೊತ್ತಿಗೆ ತುಂಬಿ ನಿಲ್ಲುತ್ತಿದ್ದ ಹಳೆಯ ಬಾವಿಗಳ ರಹಸ್ಯ ಇದೇ. ವರ್ಷವಿಡೀ ಪ್ರಕೃತಿಯೇ ನಡೆಸುತ್ತಿದ್ದ ಒಂದು ದೊಡ್ಡ ಪರೀಕ್ಷೆಯನ್ನು ಬಾವಿಯ ಗೋಡೆಯ ಮೇಲಿನ ಪಾಚಿಯ ಗೆರೆಗಳು ಬರೆದಿಡುತ್ತಿದ್ದವು.

ಈ ಗೆರೆಗಳನ್ನು ಓದುವ ಅಭ್ಯಾಸ ನಮಗೆ ತಪ್ಪಿದ್ದು ಹೇಗೆ? ಬೆಂಗಳೂರಿಗೆ ಹೆಸರಘಟ್ಟದ ನೀರು 1896ರಲ್ಲಿಯೂ, ತಿಪ್ಪಗೊಂಡನಹಳ್ಳಿಯ ನೀರು 1933ರಲ್ಲಿಯೂ, ಕಾವೇರಿಯ ನೀರು 1974ರಲ್ಲಿಯೂ ಬಂದಿತು. ನಲ್ಲಿ ಬಂದ ಮನೆಗಳಲ್ಲಿ ರಾಟೆಯ ಸದ್ದು ಅಡಗಿತು. ನಲ್ಲಿ ಬೇಗ ತಲುಪದ ಹೊರವಲಯಗಳಿಗೆ ಕೊಳವೆಬಾವಿ ಬಂದಿತು. 1960ರ ದಶಕದ ಕೊನೆಯಿಂದ ದೇಶದೊಳಕ್ಕೆ ಬರತೊಡಗಿದ ಹೊಸ ಕೊರೆಯುವ ಯಂತ್ರಗಳು ಗಟ್ಟಿ ಬಂಡೆಯನ್ನು ಗಂಟೆಗಳ ಲೆಕ್ಕದಲ್ಲಿ ಸೀಳಬಲ್ಲವಾಗಿದ್ದವು. ಅವುಗಳ ಜೊತೆಗೆ ಹೊಸದೊಂದು ಅಳತೆಯೂ ಬಂದಿತು: ‘ಇಂಚು’.

ಕೊರೆಯುವವರು “ಎರಡು ಇಂಚು ನೀರು ಬಂತು” ಎಂದಾಗ ಮನೆಯವರು ತೆಂಗಿನಕಾಯಿ ಒಡೆಯುತ್ತಾರೆ. ಹೊರಚಿಮ್ಮಿದ ನೀರನ್ನು ಮೂಲೆಗೊಯ್ತವುಳ್ಳ ತಗಡಿನ ಮೇಲೆ ಹರಿಸಿ, ಗೊಯ್ತದಲ್ಲಿ ನೀರು ಎಷ್ಟು ಎತ್ತರ ನಿಂತಿತೆಂದು ನೋಡುವ ಅಳತೆ ಇದು. ಲಂಬಕೋನದ ಗೊಯ್ತದಲ್ಲಿ ಒಂದು ಇಂಚೆಂದರೆ ಗಂಟೆಗೆ ಸುಮಾರು 500 ಲೀಟರು. ಎರಡು ಇಂಚೆಂದರೆ ಅದರ ಇಮ್ಮಡಿಯಲ್ಲ, ಐದೂವರೆ ಪಟ್ಟಿಗೂ ಮಿಗಿಲು, ಸುಮಾರು 2,900 ಲೀಟರು. ಅಳತೆಯೇನೋ ಶಾಸ್ತ್ರೀಯವಾದದ್ದೇ. ಆದರೆ ಅದು ಹೇಳುವುದು ಆ ದಿನದ, ಆ ಗಳಿಗೆಯ ಹರಿವನ್ನು ಮಾತ್ರ. ಬಿರುಕು ಎಷ್ಟು ಅಗಲವೆಂದು ತಿಳಿಸೀತು. ಬಿರುಕಿನ ಹಿಂದೆ ಎಷ್ಟು ನೀರಿದೆಯೆಂದು ತಿಳಿಸದು. ರಸ್ತೆಯನ್ನು ಕಂಡು ಕಣಜವನ್ನು ನಂಬಿದಂತಾಯಿತು. ನಮ್ಮ ಬಿಳೇಕಹಳ್ಳಿಯ ಮಿತ್ರರಿಗೆ ಆದದ್ದೂ ಇದೇ. ಕೊರೆದ ದಿನ ಎರಡು ಇಂಚು ಬಂದ ಕೊಳವೆಬಾವಿ ನಾಲ್ಕನೆಯ ಬೇಸಗೆಗೆ ಗಾಳಿಯನ್ನು ಉಗುಳಿತು. ಮತ್ತೊಂದನ್ನು ಇನ್ನೂ ಆಳಕ್ಕೆ ಕೊರೆಯಿಸಿದರು. ಅಲ್ಲಿಯೂ ಯಾರೂ ಧಾರಕತೆಯ ಮಾತೆತ್ತಲಿಲ್ಲ.

ಇದು ಒಬ್ಬರ ಮನೆಯ ಕಥೆಯಲ್ಲ. 2024ರ ಬೇಸಗೆಯಲ್ಲಿ ಬೆಂಗಳೂರಿನ ಸುಮಾರು 13,900 ಸಾರ್ವಜನಿಕ ಕೊಳವೆಬಾವಿಗಳ ಪೈಕಿ ಸುಮಾರು 6,900 ಬತ್ತಿಹೋಗಿವೆಯೆಂದು ರಾಜ್ಯ ಸರ್ಕಾರವೇ ಹೇಳಿತು. ಅರ್ಧದಷ್ಟು ಬಾವಿಗಳು ಒಂದೇ ಬೇಸಗೆಯಲ್ಲಿ ಕೈಕೊಟ್ಟದ್ದು ಆಕಸ್ಮಿಕವೆನ್ನಲಾಗದು. ಚಿಕ್ಕ ಕಣಜವನ್ನು ದೊಡ್ಡದೆಂದು ನಂಬಿ ಖರ್ಚುಮಾಡಿದವರ ಲೆಕ್ಕ ಹೀಗೆಯೇ ಮುಗಿಯಬೇಕು.

ಅಳೆಯುವವರು ಇಲ್ಲವೆಂದಲ್ಲ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ನಗರದಲ್ಲಿ ನೂರೈವತ್ತರಷ್ಟು ಬಾವಿಗಳನ್ನು ಆರಿಸಿಕೊಂಡು ಅವುಗಳ ಮಟ್ಟವನ್ನು ಅಳೆಯುತ್ತ ಬಂದರು. ಆಗ ಒಂದು ವಿಚಿತ್ರ ಸಂಗತಿ ಕಂಡುಬಂದಿತು. ನಗರದ ನಡುಭಾಗದಲ್ಲಿ ಅಂತರ್ಜಲ ಮೇಲೆಯೇ ಇದೆ. ಹೊರವಲಯಗಳಲ್ಲಿ ಬಹಳ ಆಳಕ್ಕೆ ಇಳಿದಿದೆ. ನಡುಭಾಗವನ್ನು ಕಾಪಾಡುತ್ತಿರುವುದು ನೆಲದಡಿಯ ನೀರಿನ ಕೊಳವೆಗಳ ಸೋರಿಕೆ! ದೂರದ ಕಾವೇರಿ ಸೋರಿ ಹಳೆಯ ಊರಿನ ಬಾವಿಗಳನ್ನು ತುಂಬುತ್ತಿದ್ದಾಳೆ. ಹೊರವಲಯದ ಬಡಾವಣೆಗಳು ತಮ್ಮ ಬಂಡೆಯನ್ನೇ ಹಿಂಡಿಕೊಂಡಿವೆ. ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿ ಇದೇ ಸಂಸ್ಥೆಯವರು ಫ್ರೆಂಚ್ ವಿದ್ವಾಂಸರೊಡನೆ ನಡೆಸಿದ ಶೋಧನೆಯೂ ಇಂಥದೇ. ನಿಸರ್ಗದ ರೀತಿಯಲ್ಲಿ ಕಣಿವೆಯಲ್ಲಿ ನೀರು ಮೇಲಿದ್ದು ದಿಬ್ಬದಲ್ಲಿ ಆಳದಲ್ಲಿರಬೇಕು. ಅಲ್ಲಿಯಾದರೋ ಕಣಿವೆಯ ಹೊಲಗಳಲ್ಲಿ ಪಂಪುಗಳು ಹೆಚ್ಚಾಗಿ, ಆ ಕ್ರಮವೇ ತಲೆಕೆಳಗಾಗಿತ್ತು. ಈ ಎರಡು ಸತ್ಯಗಳನ್ನೂ ಹೇಳಿದವು ಬಾವಿಗಳೇ. ಅವನ್ನು ಕ್ರಮವಾಗಿ ಕೇಳಿದವರಿದ್ದುದರಿಂದ ಅವು ಹೇಳಿದವು.

ಬಾವಿಯನ್ನು ಮುಚ್ಚಿದವರು ನೀರಿನ ಮೂಲವೊಂದನ್ನು ಕಳೆದುಕೊಂಡರೆಂದು ಮರುಗುವುದುಂಟು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು: ಅವರು ತಮ್ಮ ಅಳತೆಗೋಲನ್ನು ಹೂತುಬಿಟ್ಟರು. ಕೊಳವೆಬಾವಿಯ ಕಿರಿದಾದ ಬಾಯಿಯೊಳಗೆ ಇಣುಕಿ ನೋಡುವಂತಿಲ್ಲ. ಅದು ಬತ್ತುವವರೆಗೂ ಮನೆಯವರಿಗೆ ಸುಳಿವೇ ಹತ್ತುವುದಿಲ್ಲ. ತೆರೆದ ಬಾವಿಯು ದಿನದಿನವೂ ತನ್ನ ಮಟ್ಟವನ್ನು ಕಣ್ಣಿಗೆ ತೋರಿಸುತ್ತದೆ. ನೆಲ ಬಡವಾಗುತ್ತಿದೆಯೆಂಬುದನ್ನು ಅದು ಮೊದಲೇ ಹೇಳುತ್ತದೆ. ಮಳೆಯ ನೀರನ್ನು ಅದರ ಸುತ್ತಲಿನ ಮಣ್ಣಿಗೆ ಇಳಿಸಿದರೆ ಸಿರಿ ಮರಳುತ್ತಿರುವುದನ್ನೂ ಮೊದಲು ತೋರಿಸುತ್ತದೆ.

ಕಳೆದ ಭಾನುವಾರ ನಾವು ಮತ್ತೆ ಬಿಳೇಕಹಳ್ಳಿಗೆ ಹೋಗಿ ಈ ಮಾತುಗಳನ್ನೆಲ್ಲ ಮಿತ್ರರಿಗೆ ಹೇಳಿದೆವು. ಅವರು ಪೂರ್ತಿಯಾಗಿ ಒಪ್ಪಿದರೆಂದು ಹೇಳಲಾರೆವು. ಗಾಡಿ ನಿಲ್ಲಿಸುವ ಜಾಗದ ಆಸೆ ಅವರಿಗೆ ಇನ್ನೂ ಇದೆ. ಆದರೆ ಜಾಲರಿಯನ್ನು ಸರಿಸಿ, ಗಂಟುಹಾಕಿದ ಹಗ್ಗದ ತುದಿಗೆ ಕಲ್ಲು ಕಟ್ಟಿ, ನಾವಿಬ್ಬರೂ ಅದನ್ನು ಒಳಕ್ಕೆ ಬಿಟ್ಟೆವು. ಕಲ್ಲು ನೀರಿಗೆ ಬಿದ್ದ ಸದ್ದು ಕೇಳಿಸಿತು. ಅವರ ಮೊಮ್ಮಗಳು ಒದ್ದೆಯಾಗದ ಗಂಟುಗಳನ್ನು ಎಣಿಸಿ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾರೀಖಿನೊಡನೆ ಬರೆದಿಟ್ಟಳು. ಮುಂದಿನ ತಿಂಗಳು ಮತ್ತೆ ಅಳೆಯುವವರೆಗೆ ಮಣ್ಣಿನ ಲೋಡು ಬರಬಾರದೆಂದು ಅವಳದೇ ಅಪ್ಪಣೆಯಾಗಿದೆ.